ಚಿಕ್ಕವ್ವ ಊರು ಕರೆಯಲು ಹೋದ ದಿನ

ಹಳೇ ಕುಂಕುಮಕ್ಕೆ ಒಂದು ಮುಗ್ಗಲು ವಾಸನೆ ಇರುತ್ತೆ. ಹೋದ ತಿಂಗಳು ಹಳೇಕೋಟೆ ಹತ್ತಿರದ ನಮ್ಮ ಮನೆ ಕೆಡವಿಸಿದಾಗ ಅಟ್ಟದಿಂದ ಇಳಿದ ಮರದ ಭರಣಿಯನ್ನು ಹಾಸನಕ್ಕೆ ತಂದು ಮುಚ್ಚಳ ತೆಗೆದೆ ನೋಡಿ, ಆ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಸಗಣಿ ಸಾರಿಸಿದ ನಡುಮನೆ, ಬೆಲ್ಲದ ಕಾಪಿ ಕುದಿಯುವ ಒಲೆ, ಕಂಬಕ್ಕೊರಗಿ ಎಲೆಯಡಿಕೆ ಕುಟ್ಟುವ ಅಜ್ಜಿ, ಎಲ್ಲಾ ಬಂದವು. ಕೊನೆಗೆ ಚಿಕ್ಕವ್ವ ಬಂದಳು. ಅವಳು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ.

ಚಿಕ್ಕಪ್ಪ ಆಲೂಗಡ್ಡೆ ಲಾರಿ ಓಡಿಸುತ್ತಿದ್ದ. ಲೋಡು ಇಳಿಸಲು ಸಾಂಗ್ಲಿಗೆ ಹೋಗಿ ಬಂದು, ಹೋಗಿ ಬಂದು, ಒಂದು ಸಲ ಅಲ್ಲಿಂದಲೇ ಹೆಂಡತಿಯನ್ನು ಕರಕೊಂಡು ಬಂದ. ಮರಾಠಿ ಬಿಟ್ಟರೆ ಅವಳಿಗೆ ಬೇರೆ ಮಾತು ಬಾರದು. ಅಜ್ಜಿ ಕೂಗಾಡುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಕೂಗಾಡಲಿಲ್ಲ. ಸೊಸೆಯ ಮಾತಿಗೆ ನಕ್ಕವರ ನಾಲಿಗೆಗೆ ಬರೆ ಹಾಕುತ್ತೇನೆ ಅಂತ ಮನೆಮಂದಿಗೆಲ್ಲ ಗದರಿದಳು. ಆಮೇಲೆ ಒಂಬತ್ತು ವರ್ಷದ ನನ್ನನ್ನು ಕರೆದು, "ಪಾಪ, ಆ ಮಗಿಗೆ ನಮ್ಮ ಮಾತು ಬರಾಕಿಲ್ಲ. ನೀನೇ ಅವಳ ಬಾಯಾಗು ಕಣವ್ವ," ಅಂದಳು. ಅದು ಪ್ರೀತಿಯೇ, ಸುಳ್ಳಲ್ಲ. ಆದರೆ ಕೆಲಸ ಕೆಡಿಸಿದ್ದೂ ಅದೇ ಪ್ರೀತಿ.

ಚಿಕ್ಕಪ್ಪ ಲಾರಿ ಮೇಲೆ ಹೋದ ರಾತ್ರಿಗಳಲ್ಲಿ ಚಿಕ್ಕವ್ವನ ಮಗ್ಗುಲಲ್ಲೇ ಮಲಗುತ್ತಿದ್ದ ನನಗೆ ಆರು ತಿಂಗಳಲ್ಲಿ ಮರಾಠಿ ಅಂಟಿಕೊಂಡಿತು. ಅದೇನು ಜಂಬ ನನಗೆ! ಅಂಗಡಿಗೆ, ಡೈರಿಗೆ, ಹೊಳೆನರಸೀಪುರದ ಆಸ್ಪತ್ರೆಗೆ, ಎಲ್ಲೆಲ್ಲೂ ನಾನೇ ಅವಳ ಮುಂದೆ. ಅವಳು ಒಂದು ಕನ್ನಡದ ಪದ ಹುಡುಕುತ್ತಾ ತಡವರಿಸಿದರೆ ಸಾಕು, ಉಳಿದದ್ದನ್ನು ನಾನು ಪಟಪಟ ಒದರಿಬಿಡುತ್ತಿದ್ದೆ. ಜನ ನನ್ನ ಕೆನ್ನೆ ಹಿಂಡಿ ಜಾಣೆ ಅನ್ನುತ್ತಿದ್ದರು. ಚಿಕ್ಕವ್ವನ ಮುಖ ನೋಡುವ ಪುರುಸೊತ್ತು ಯಾರಿಗಿತ್ತು?

ಮರುವರ್ಷ ಅತ್ತೆಯ, ಅಂದರೆ ಚಿಕ್ಕಪ್ಪನ ತಂಗಿಯ, ಮದುವೆ ಗೊತ್ತಾಯಿತು. ಮನೆಯ ಕಿರಿ ಸೊಸೆ ಕುಂಕುಮದ ಭರಣಿ ಹಿಡಿದು ಮನೆಮನೆಗೂ ಹೋಗಿ ತನ್ನ ಬಾಯಾರೆ ಕರೆಯಬೇಕು ಅನ್ನೋದು ನಮ್ಮಲ್ಲಿ ರೂಢಿ. ಊರು ಕರೆದ ಮೇಲೇ ಸೊಸೆ ಮನೆಯವಳಾಗೋದು ಅಂತ ಅಜ್ಜಿ ಹೇಳುತ್ತಿದ್ದಳು. ಚಿಕ್ಕವ್ವ ಎಂಟು ದಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಎಮ್ಮೆಗೆ ಒಪ್ಪಿಸಿದಳು: "ನಮ್ಮನೇಲಿ ಮದ್ವೆ ಐತೆ, ಮುಂದೆ ನಿಂತು ನಡೆಸ್ಕೊಡ್ಬೇಕು ಕಣಕ್ಕ." ಒಂದಕ್ಷರ ತಪ್ಪದೆ ಬರುತ್ತಿತ್ತು. ನಾನೇ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದೆ.

ಮೊದಲನೆಯದು ಪಕ್ಕದ ಪುಟ್ಟಲಕ್ಷ್ಮಮ್ಮನ ಮನೆ. ಚಿಕ್ಕವ್ವ ಕುಂಕುಮ ಹಚ್ಚಿದಳು, "ನಮ್ಮನೇಲಿ ಮದ್ವೆ ಐತೆ" ಅಂದಳು, ಉಸಿರು ತೆಗೆದುಕೊಳ್ಳಲು ನಿಂತಳು. ಬರೀ ಉಸಿರಿಗೆ. ಅಷ್ಟರಲ್ಲಿ ನಾನು ಉಳಿದದ್ದನ್ನು ಹೇಳಿ ಮುಗಿಸಿದ್ದೆ! ಎರಡನೇ ಮನೆಯಲ್ಲೂ ಹಾಗೇ. ಮೂರನೇ ಮನೆಯಲ್ಲಿ ಅವಳು ಬಾಯಿಯನ್ನೇ ತೆಗೆಯಲಿಲ್ಲ. ಕುಂಕುಮ ಮುಂದೆ ಹಿಡಿದು ನನ್ನ ಮುಖ ನೋಡಿದಳು. ಊರಿಗೆ ಊರನ್ನೇ ನಾನು ಕರೆದು ಬಂದೆ. ಅಜ್ಜಿ ನನಗೆ ದೃಷ್ಟಿ ತೆಗೆದಳು.

ಅಲ್ಲಿಂದಾಚೆಗೆ ನನ್ನ ಮುಂದೆ ಚಿಕ್ಕವ್ವ ಕನ್ನಡ ಆಡಿದ್ದು ನನಗೆ ನೆನಪಿಲ್ಲ. ನಾನು ಓದಲು ಹಾಸನ ಸೇರಿದೆ, ಅಲ್ಲೇ ಕೆಲಸ, ಅಲ್ಲೇ ಮದುವೆ. ಹಬ್ಬಕ್ಕೆ ಹೋದಾಗ ಅವಳು ಒಬ್ಬಟ್ಟು ಬಡಿಸಿ ನಗುತ್ತಿದ್ದಳು. ಯಾರಾದರೂ ಏನಾದರೂ ಕೇಳಿದರೆ ನನ್ನ ಕಡೆ ತಿರುಗುತ್ತಿದ್ದಳು. ನಾನು ಹೇಳುತ್ತಿದ್ದೆ. ಪಾಪ, ಮೂವತ್ತು ವರ್ಷವಾದರೂ ನಾಲ್ಕು ಮಾತು ಕಲಿಯಲಿಲ್ಲ ಅಂತ ಗಂಡನ ಹತ್ತಿರ ಮರುಗಿದ್ದೂ ಉಂಟು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಜ್ಜಿ ಹೋಗಿ ಎಷ್ಟೋ ವರ್ಷವಾಗಿತ್ತು. ಹೋದ ವರ್ಷ ಚಿಕ್ಕವ್ವನೂ ಹೋದಳು. ತಿಥಿಯ ದಿನ ಊಟ ಮುಗಿಸಿ ಹೆಂಗಸರು ಜಗಲಿಯಲ್ಲಿ ಕೂತು ಯಾರದೋ ಮಾತು ನೆನೆಸಿಕೊಂಡು ಅಳುತ್ತಲೇ ನಗುತ್ತಿದ್ದರು. ಡೈರಿಯಲ್ಲಿ ಸಾಲು ತಪ್ಪಿಸಿದವರನ್ನು ಝಾಡಿಸಿದ್ದಂತೆ, ಬಸ್ಸಿನಲ್ಲಿ ಕಂಡಕ್ಟರನ ಬಾಯಿ ಮುಚ್ಚಿಸಿದ್ದಂತೆ. ಯಾರ ವಿಷಯ ಅಂತ ಕೇಳಿದೆ.

"ನಿಮ್ಮ ಚಿಕ್ಕವ್ವಂದೇ ಕಣವ್ವ," ಅಂದಳು ಪುಟ್ಟಲಕ್ಷ್ಮಮ್ಮ. "ನೀನು ಆಸನ ಸೇರಿದ್ ಮ್ಯಾಕೆ ಅವಳ ಬಾಯಿ ಇಡಿಯೋರೇ ಇರ್ಲಿಲ್ಲ. ನೀನು ಬಂದಾಗ ಮಾತ್ರ ಯಾಕೋ ಮೂಗಿ ಅಂಗೆ ಕೂತ್ಬುಡೋಳು."

ಊರಿಗೆಲ್ಲ ಗೊತ್ತಿದ್ದ ಅವಳ ದನಿ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಹೇಗೆ ಮಾತಾಡುತ್ತಿದ್ದಳು, ಒಂದು ಸಲ ಆಡಿ ತೋರಿಸು ಅಂತ ಪುಟ್ಟಲಕ್ಷ್ಮಮ್ಮನ ಕೈ ಹಿಡಿದು ಕೇಳಿಕೊಂಡೆ. ಅವಳು ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು. ನಡುವೆ ಪದ ಮರೆತು ತಡವರಿಸಿದಳು. ನಾನು ಸುಮ್ಮನೆ ಕಾದೆ.