ನೀಲಿ ಹಲ್ಲಿನ ರಾಜ ಕೊಡಿಸಿದ ಕೆಲಸ

ಅಮೀರ್‌ಪೇಟೆಯ ಕಂಪ್ಯೂಟರ್ ಕೋಚಿಂಗ್ ಸೆಂಟರಿನಲ್ಲಿ ನನ್ನ ಡೆಮೊ ಕ್ಲಾಸು, ಒಪ್ಪಿಗೆಯಾದರೆ ಕೆಲಸ. ನನ್ನ ದನಿ ಕೇಳಿದರೇ ಕಂಪ್ಯೂಟರ್ ಚಾಲೂ ಆಗುತ್ತದೆಂದು ಕಲಬುರಗಿ ಕಡೆಯವರಾದ ಸೆಂಟರಿನ ಮಾಲೀಕರಿಗೆ ಮೊದಲೇ ಬುರುಡೆ ಬಿಟ್ಟಿದ್ದೆ. ಅವರು ನಕ್ಕಿರಲಿಲ್ಲ.

ಬ್ಲೂಟೂತ್‌ಗೆ ಆ ಹೆಸರು ಯಾಕೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. "ಡೆನ್ಮಾರ್ಕಿನ ಹಳೇ ರಾಜ ಹರಾಲ್ಡ್‌ನ ಅಡ್ಡಹೆಸರಮ್ಮ, ನೀಲಿ ಹಲ್ಲಿನವ ಅಂತ. ಕಚ್ಚಾಡೋ ಜನರನ್ನ ಒಂದು ಮಾಡಿದ್ದ. ಇದೂ ಫೋನು, ಕಂಪ್ಯೂಟರ್‌ಗಳನ್ನ ಕೂಡಿಸುತ್ತಲ್ಲ!" ಎಂದೆ.

ಕ್ಲಾಸು ಘೊಳ್ಳೆಂದಿತು. "ರಾಜನ ಹಲ್ಲೂ ಬಿಡಂಗಿಲ್ಲಲ್ರಿ ನೀವು! ಇಂಥ ಸುಳ್ಳಿಗೆ ಪಗಾರ ಕೊಡಬೇಕೇನ್ರಿ?" ಎನ್ನುತ್ತ ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾಲೀಕರು ಇಂಟರ್ನೆಟ್ಟಿನಲ್ಲಿ ಹುಡುಕಿದರು. ಪುಟ ತೆರೆಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಊರಿನ ರೈಲು ಹತ್ತಿದ್ದೆ.

"ಅರೆ, ಖರೇನ ಐತ್ರಿ! ನಾಳೆಯಿಂದ ಬರ್ರಿ."

ಹೋದ ಜೀವ ಬಂತು. ನಿಜ ಹೇಳಿ ಬಚಾವಾದದ್ದು ಅದೊಂದೇ ಸಲ. ಅಷ್ಟು ದೊಡ್ಡ ಅಪಾಯಕ್ಕೆ ನಾನು ಮತ್ತೆ ಕೈಹಾಕಿಲ್ಲ.