ಅಕ್ಕನ ಪಾಲಿನ ಇ ಡ್ರೈವ್

ಮನೆಯ ಕಂಪ್ಯೂಟರಿನಲ್ಲಿ ಅಕ್ಕನ ಜಾಗಕ್ಕೆ ಕೈ ಹಾಕುವ ಮೊದಲು ನಾನು ಅವಳನ್ನು ಒಂದು ಮಾತು ಕೇಳಲಿಲ್ಲ. ಕೈ ಹಾಕಿದ ಮೇಲೆ ನಿಜ ಹೇಳಲೂ ಇಲ್ಲ. ಹೋದ ವರ್ಷ ದೀಪಾವಳಿ ರಜೆಯ ಸಂಗತಿ ಇದು.

ನಾನು ಸುಳ್ಯದ ಸುತ್ತಮುತ್ತ ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಓದಿದ್ದು ಏಳನೇ ಕ್ಲಾಸ್. ಅಕ್ಕ ಬಟ್ಟೆ ಹೊಲಿಯುತ್ತಾಳೆ, ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಾಳೆ. ನಾವಿಬ್ಬರು ಸೇರಿ ತಂದ ಹಳೆ ಕಂಪ್ಯೂಟರಿನಲ್ಲಿ ಡಿ ಡ್ರೈವ್ ನನಗೆ, ಇ ಡ್ರೈವ್ ಅವಳಿಗೆ ಎಂದು ಪಾಲಾಗಿತ್ತು. ನನ್ನದರಲ್ಲಿ ವಾಲಿಬಾಲ್ ಪಂದ್ಯದ ವಿಡಿಯೋಗಳು. ಅವಳದರಲ್ಲಿ ಮರ್ಕಂಜದ ಅತ್ತೆ ಹಾಡಿದ ಸೋಬಾನೆಗಳು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಮೊಬೈಲ್ ತುಂಬಿತೆಂದು ಅಲ್ಲಿಂದ ಅಳಿಸಿದ್ದಳು. ಆಮೇಲೆ ಅತ್ತೆ ತೀರಿಹೋದರು.

ನನ್ನ ಡ್ರೈವ್ ತುಂಬಿತು. ಅಕ್ಕನದರಲ್ಲಿ ಬೇಕಾದಷ್ಟು ಜಾಗ ಖಾಲಿ. ಯಾರದೋ ವಿಡಿಯೋ ನೋಡಿಕೊಂಡು ಡಿಸ್ಕ್ ಪಾಲು ಮಾಡುವ ಪುಟ ತೆರೆದೆ. ಪಕ್ಕಪಕ್ಕದ ಎರಡು ಕೋಣೆಗಳ ಹಾಗೆ ಕಂಡಿತು. ಎಷ್ಟೋ ಮನೆಗಳಲ್ಲಿ ನಡುವಿನ ಗೋಡೆ ತೆಗೆದು ಎರಡು ಕೋಣೆ ಒಂದು ಮಾಡಿದವ ನಾನು. ಗೋಡೆ ತೆಗೆದರೆ ಒಳಗಿನ ಮಂಚ, ಕಪಾಟು ಎಲ್ಲಿಗೆ ಹೋಗುತ್ತದೆ? ಇದೂ ಹಾಗೇ ಎಂದುಕೊಂಡೆ. ಇಂಗ್ಲಿಷಿನಲ್ಲಿ ಎಂತದೋ ಕೇಳಿತು. ಎಸ್ ಒತ್ತಿದೆ. ಇ ಹೋಗಿ ಡಿ ದೊಡ್ಡದಾಯಿತು. ಒಳಗೆ ಹುಡುಕಿದರೆ ಅತ್ತೆಯ ಒಂದು ಹಾಡೂ ಇಲ್ಲ.

ಅಕ್ಕ ಕೇಳಿದಾಗ, "ಕರೆಂಟ್ ಹೋಗಿ ಬಂತಲ್ಲ, ಆವಾಗ ಹಾಳಾದ್ದು" ಎಂದೆ.

ಅವಳು ಹೊಲಿಯುತ್ತಿದ್ದ ಬಟ್ಟೆ ಮಡಚಿಟ್ಟಳು. ಆಮೇಲೆ, "ನಿನ್ನ ವಾಲಿಬಾಲ್ ಕೂಡ ಹೋಯ್ತಾ? ಪಾಪ ಮಾರಾಯ, ಎಷ್ಟು ಆಸೆಯಲ್ಲಿ ಇಟ್ಟಿದ್ದೆ" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ನನ್ನ ಪಾಲನ್ನು ಅವಳು ಯಾವತ್ತೂ ತೆರೆದು ನೋಡಿದವಳಲ್ಲ. ಆ ಧೈರ್ಯದಲ್ಲಿ ಹೊಸ ಜಾಗಕ್ಕೂ ವಿಡಿಯೋ ತುಂಬಿಸಿದೆ.

ಕೊನೆಗೆ ಮನಸ್ಸು ತಡೆಯದೆ ಕಂಪ್ಯೂಟರನ್ನು ಸುಳ್ಯದ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. "ಕೂಡ್ಲೆ ತಂದಿದ್ರೆ ಅಳಿಸಿದ್ದನ್ನು ವಾಪಸ್ ತೆಗೀಲಿಕ್ಕೆ ಆಗ್ತಿತ್ತೇನೋ. ಅದರ ಮೇಲೆಯೇ ತುಂಬಿಸಿದ್ದೀರಲ್ಲ ಮಾರಾಯ್ರೆ!" ಎಂದ ಅಂಗಡಿಯವ. ಅಳಿಸಿದ್ದು ತಿಳಿಯದೆ ಆದದ್ದು. ಬಾಯಿ ಮುಚ್ಚಿಕೊಂಡದ್ದು ತಿಳಿದೇ ಮಾಡಿದ್ದು. ಅಕ್ಕ ಅಂದ ಆ "ಪಾಪ" ಈಗಲೂ ಚುಚ್ಚುತ್ತದೆ.

ಈ ವರ್ಷ ಆಲೆಟ್ಟಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮದರಂಗಿಯ ದಿನ ಅಕ್ಕ ಅತ್ತೆಯ ಸೋಬಾನೆ ಶುರು ಮಾಡಿದಳು. ಅರ್ಧದಲ್ಲಿ ಸಾಲು ಸಿಗದೆ ನಿಂತಳು. ಕೂತಿದ್ದ ಹೆಂಗಸರಲ್ಲಿ ಯಾರಿಗೂ ಗೊತ್ತಿಲ್ಲ. ಬಾಳೆಎಲೆ ಹೊತ್ತು ಬರುತ್ತಿದ್ದ ನನ್ನ ಬಾಯಿಂದ ಆ ಸಾಲು ತಾನಾಗಿ ಬಂತು. ಅಕ್ಕ ಹೊಲಿಯುವಾಗ ಕಂಪ್ಯೂಟರಿನಲ್ಲಿ ದಿನಾ ಹಾಕುತ್ತಿದ್ದ ಹಾಡು, ಕೇಳಿ ಕೇಳಿ ನೆನಪಿನಲ್ಲಿ ಉಳಿದಿತ್ತು.

"ಇವನ ಕೈಗೂ ಮದರಂಗಿ ಹಾಕಿ ಮಾರಾಯ್ತಿ!" ಎಂದು ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ. ಹಾಡು ಮುಗಿಸಿ, ಚಪ್ಪರದ ಹಿಂದೆ ಬಂದು ನನ್ನ ಕೈ ಹಿಡಿದಳು.

"ಇನ್ನೂ ಎಷ್ಟು ನೆನಪುಂಟು ನಿಂಗೆ? ಎಲ್ಲ ಹೇಳು, ನಾನು ಕಲೀತೇನೆ. ಕರೆಂಟ್ ಹೋದ್ರೂ ಹಾಳಾಗದ ಜಾಗದಲ್ಲಿ ಇಟ್ಟಿದ್ದೀಯಲ್ಲ, ಪುಣ್ಯಾತ್ಮ!"

ಆ ಕೈ ಹಿಡಿದುಕೊಂಡು ಇನ್ನೊಂದು ಸುಳ್ಳು ಹೇಳಲಿಕ್ಕೆ ನನ್ನಿಂದ ಆಗಲಿಲ್ಲ.

"ಕರೆಂಟ್ ಅಲ್ಲ ಅಕ್ಕ, ನಾನೇ ಅಳಿಸಿದ್ದು. ನಿನ್ನ ಹತ್ರ ಕೇಳದೆ ನಿನ್ನ ಪಾಲು ತೆಗೆದೆ. ಆಮೇಲೆ ಸುಳ್ಳು ಹೇಳಿದೆ. ನನ್ನಿಂದ ತಪ್ಪಾಯ್ತು ಅಕ್ಕ."