ಎಣ್ಣೆ ಕುಡಿದ ಟೈಮಿಂಗ್ ಬೆಲ್ಟ್

2022ರಲ್ಲಿ ನಾನು ಬೈಲಹೊಂಗಲದ ಒಂದು ಪಿಕಪ್ ಗಾಡಿಗಳ ಸರ್ವಿಸ್ ಸೆಂಟರಿಗೆ ವರ್ಕ್ಸ್ ಮ್ಯಾನೇಜರ್ ಆಗಿ ಬಂದೆ. ಡಿಪ್ಲೊಮಾ ಮುಗಿಸಿ ಪಾನಾ ಹಿಡಿದು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ನಮ್ಮ ಮೂಲ ಮನೆ ಕಿತ್ತೂರಿನಲ್ಲಿ. ಮನೆತನದ ವೃತ್ತಿ ಪಂಚಾಂಗ ಹೇಳುವುದು, ಅದಕ್ಕೇ ಅಡ್ಡಹೆಸರು ಜೋಶಿ. ಅಪ್ಪ ಊರವರ ಲಗ್ನಗಳಿಗೆ ಮುಹೂರ್ತ ಇಟ್ಟುಕೊಟ್ಟರು, ನಾನು ಎಂಜಿನ್ನಿನ ವಾಲ್ವುಗಳಿಗೆ ಇಟ್ಟುಕೊಟ್ಟೆ. ಮುಹೂರ್ತ ತಪ್ಪಿದರೆ ಅಪ್ಪನನ್ನು ಯಾರೂ ವರ್ಕ್‌ಶಾಪಿಗೆ ಎಳೆದು ತರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಓದುಗರಿಗೆ ಇಷ್ಟು ತಿಳಿದಿದ್ದರೆ ಸಾಕು. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವುಗಳು ಮುಚ್ಚಿಕೊಂಡು ದಾರಿ ಬಿಡಬೇಕು. ಈ ಹೊಂದಾಣಿಕೆಯನ್ನು ಕಾಯುವುದು ಟೈಮಿಂಗ್ ಚೈನು ಅಥವಾ ಟೈಮಿಂಗ್ ಬೆಲ್ಟು. ಚೈನು ಕಬ್ಬಿಣದ್ದು, ಎಂಜಿನ್ ಆಯಿಲ್ಲನ್ನು ಹೊತ್ತುಹೊತ್ತಿಗೆ ಬದಲಿಸಿದರೆ ಎರಡು ಲಕ್ಷ ಕಿಲೋಮೀಟರ್ ದಾಟಿಯೂ ಬಾಳುತ್ತದೆ. ಬೆಲ್ಟು ರಬ್ಬರಿನದು, ಒಳಮೈಗೆ ಹಲ್ಲುಗಳಿರುತ್ತವೆ. ನಾನು ಹೇಳಹೊರಟ ಗಾಡಿಯ ಪುಸ್ತಕದಲ್ಲಿ ಅದರ ಆಯುಷ್ಯ ಒಂದು ಲಕ್ಷ ಕಿಲೋಮೀಟರ್ ಅಂತ ಬರೆದಿತ್ತು. ಚೈನು ಎಣ್ಣೆಯಲ್ಲಿ ಬದುಕುತ್ತದೆ, ಬೆಲ್ಟು ಎಣ್ಣೆಯಲ್ಲಿ ಸಾಯುತ್ತದೆ. ಬೆಲ್ಟು ಹೋಯಿತೆಂದರೆ ವಾಲ್ವು, ಪಿಸ್ಟನ್ ಎರಡೂ ಗುದ್ದಾಡಿ ಎಂಜಿನ್ನಿನ ತಲೆಯನ್ನೇ ಹಾಳುಮಾಡುತ್ತವೆ.

ನಾನು ಬಂದು ಎರಡು ತಿಂಗಳಾಗಿರಬೇಕು. ಒಂದು ಮಂಗಳವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಒಂದು ಪಿಕಪ್ಪನ್ನು ಎಳೆದು ತಂದರು. ಗಾಡಿ ಮಲ್ಲೇಶಪ್ಪ ಸಾವಕಾರರದು. ಬೈಲಹೊಂಗಲದಲ್ಲಿ ದನಗಳ ಹಿಂಡಿಯ ಸಗಟು ವ್ಯಾಪಾರ ಅವರದು. ಇಲ್ಲಿಂದ ಸವದತ್ತಿ, ರಾಮದುರ್ಗದ ಹಳ್ಳಿಗಳಿಗೆಲ್ಲ ಮಾಲು ಹೋಗುತ್ತಿತ್ತು. ಗಾಡಿ ನಡೆಸುತ್ತಿದ್ದವನು ಸಿರಸಂಗಿಯ ಈರಪ್ಪ, ಐವತ್ತು ದಾಟಿದ ಗಟ್ಟಿ ಆಳು. ಸಾವಕಾರರು ಗಾಡಿಯ ಕೀಲಿಯನ್ನು ಅವನಿಂದ ಆಗಲೇ ಕಸಿದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡಿದ್ದರು.

“ಮೂರನೇ ಬೆಲ್ಟ್ ನೋಡ್ರಿ ಇದು,” ಎಂದರು ಸಾವಕಾರರು. “ಮೊದಲನೇದು ತೊಂಬತ್ತೆಂಟು ಸಾವಿರಕ್ಕ ಹೋತು, ಇರಲಿ, ವಯಸ್ಸಾಗಿತ್ತು. ಎರಡನೇದು ಇಪ್ಪತ್ತೊಂದು ಸಾವಿರಕ್ಕ. ಇದು ಬರೇ ಹದಿನಾರು ಸಾವಿರಕ್ಕ. ಇಂವ ಗಾಡಿ ಹೊಡಿಯೂದಿಲ್ರಿ, ಗಾಡಿ ತಿನ್ನತಾನ. ಡ್ರೈವರಂದ ತಪ್ಪು ಅಂತ ನೀವೊಂದು ಮಾತು ಹೇಳ್ರಿ, ಇವತ್ತ ಮನಿಗೆ ಕಳಸತೇನಿ.”

ಈರಪ್ಪ ಗಾಡಿಯ ಹಿಂದಿನ ಹಲಗೆಗೆ ಕೈ ಊರಿ ನೆಲ ನೋಡುತ್ತಾ ನಿಂತಿದ್ದ. ನಮ್ಮ ಮಾರುಕಟ್ಟೆಯಲ್ಲಿ ಡ್ರೈವರನಿಗೆ ಇರುವ ಆಸ್ತಿ ಅವನ ಹೆಸರೊಂದೇ. ‘ಗಾಡಿ ತಿನ್ನುವವ’ ಎಂಬ ಮಾತು ಒಮ್ಮೆ ಅಂಟಿತೆಂದರೆ ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ. ಆ ಮಾತನ್ನು ನನ್ನ ಬಾಯಿಂದ ಹೇಳಿಸಲು ಸಾವಕಾರರು ಬಂದಿದ್ದರು.

ನನಗೆ ಸಿಟ್ಟು ಬಂತು. ಡ್ರೈವರ್ ಕ್ಲಚ್ ಸುಡಬಹುದು, ಬ್ರೇಕ್ ತಿನ್ನಬಹುದು, ಗೇರ್ ಕೆಡಿಸಬಹುದು. ಕವರಿನೊಳಗೆ ಕುಳಿತ ಟೈಮಿಂಗ್ ಬೆಲ್ಟನ್ನು ಮೂವತ್ತು ವರ್ಷ ಗಾಡಿ ಹೊಡೆದ ಮನುಷ್ಯ ಎರಡೆರಡು ಸಲ ಹೇಗೆ ಕೆಡಿಸುತ್ತಾನೆ? ಆದರೆ ಬಾಯಿ ಮಾತಿಗೆ ಸಾವಕಾರರು ಬಗ್ಗುವವರಲ್ಲ. “ಶನಿವಾರದ ತನಕ ಟೈಮ್ ಕೊಡ್ರಿ,” ಎಂದೆ. “ಅಲ್ಲೀತನಕ ಯಾರ ಮ್ಯಾಲೂ ತಪ್ಪು ಹಾಕಬ್ಯಾಡ್ರಿ.” ಅವರು ಒಲ್ಲದ ಮನಸ್ಸಿನಿಂದ ಒಪ್ಪಿ ಹೋದರು.

ಅದೇ ಮಧ್ಯಾಹ್ನ ಕವರ್ ಬಿಚ್ಚಿಸಿದೆ. ಬೆಲ್ಟು ತುಂಡಾಗಿರಲಿಲ್ಲ, ಒಂದು ಗೇಣಿನಷ್ಟು ಉದ್ದಕ್ಕೆ ಹಲ್ಲುಗಳು ಕಿತ್ತು ಬಂದಿದ್ದವು. ಉಳಿದ ಹಲ್ಲುಗಳನ್ನು ಉಗುರಿನಿಂದ ಒತ್ತಿದರೆ ನೆನೆಸಿದ ಕಡಲೆಯಂತೆ ಮೆತ್ತಗೆ. ಇದು ಎಣ್ಣೆ ಕುಡಿದ ಬೆಲ್ಟಿನ ಲಕ್ಷಣ. ಎಂಜಿನ್ನಿನ ಆಯಿಲ್ ಸೋರಿರಬೇಕು ಎಂದು ಆಯಿಲ್ ತಡೆಯುವ ಸೀಲುಗಳನ್ನು ಒಂದೊಂದಾಗಿ ನೋಡಿದೆವು. ಎಲ್ಲ ಒಣಗಿ ಭಣಭಣ ಎನ್ನುತ್ತಿದ್ದವು.

ನಮ್ಮ ಹಿರಿಯ ಮೆಕ್ಯಾನಿಕ್ ದಸ್ತಗೀರ ಬೆಲ್ಟನ್ನು ಬಿಸಿಲಿಗೆ ಹಿಡಿದು ಹುಬ್ಬು ಗಂಟಿಕ್ಕಿದ. ಡೀಸೆಲ್ ಎಂಜಿನ್ನಿಗೆ ಹಾಕಿದ ಆಯಿಲ್ ಕೆಲವೇ ದಿನಗಳಲ್ಲಿ ಕಾಡಿಗೆಯಂತೆ ಕಪ್ಪಾಗುತ್ತದೆ. ಈ ಬೆಲ್ಟಿನ ಮೇಲಿದ್ದ ಎಣ್ಣೆ ಹೊಂಬಣ್ಣದ್ದು. ಹಲ್ಲುಗಳ ಸಂದಿಯಲ್ಲಿ ಕೆಂಪು ಪುಡಿಯೂ ಸೇರಿಕೊಂಡಿತ್ತು. “ತುಕ್ಕು ಇರಬೇಕ್ರಿ ಸರ,” ಎಂದ. ನಾನು ಬೆಲ್ಟನ್ನು ಮೂಗಿನ ಹತ್ತಿರ ತಂದೆ. ಆ ವಾಸನೆಯನ್ನು ಗುರುತಿಸಲು ನನಗೆ ಯಾವ ಡಿಪ್ಲೊಮಾವೂ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ನಮ್ಮ ದೇವರ ಕೋಣೆಯಲ್ಲಿ ಉಸಿರಾಡಿದ ವಾಸನೆ ಅದು. ಎಳ್ಳೆಣ್ಣೆ, ಮೇಲೆ ಕುಂಕುಮ.

ಈರಪ್ಪನನ್ನು ಕರೆಸಿದೆ. ದಿನವೂ ಗಾಡಿಗೆ ಏನೇನು ಮಾಡುತ್ತೀ ಎಂದು ಕೇಳಿದಾಗ ನೀರು, ಆಯಿಲ್, ಗಾಳಿ ಎಲ್ಲವನ್ನೂ ಹೇಳಿದ. ಎಣ್ಣೆಯ ಸುದ್ದಿಯೇ ಇಲ್ಲ.

“ಈರಪ್ಪ, ಎಂಜಿನ್ ಮ್ಯಾಲ ಎಳ್ಳೆಣ್ಣಿ ಯಾರು ಬಿಡತಾರ?”

ಅವನ ಮುಖ ಬಿಳುಚಿತು. ಬೆಲ್ಟಿನ ಕಡೆ ಒಮ್ಮೆ ನೋಡಿ ಹೇಳಿದ: “ಸಾವಕಾರ್ರು ಬಿಡತಾರ್ರಿ, ಶನಿವಾರಕ್ಕೊಮ್ಮೆ. ಮೊದಲನೇ ಬೆಲ್ಟ್ ಹೋದಾಗ ಗಾಡಿಗೆ ಶನಿ ಕಾಟ ಐತಿ ಅಂತ ಯಾರೋ ಹೇಳಿದ್ರು. ಅವತ್ತಿಂದ ಬಾನೆಟ್ ಎತ್ತಿ, ಎಂಜಿನ್ನಿಗೆ ಕುಂಕುಮ ಹಚ್ಚಿ, ಒಂದು ಬಟ್ಟಲ ಎಣ್ಣಿ ಬಿಡತಾರ. ನಾನೂ ಕೈ ಮುಗದು ನಿಂದರತೇನಿ. ದೇವ್ರ ಕೆಲಸ, ಅದರಾಗೇನು ತಪ್ಪೈತ್ರಿ?”

ನಮ್ಮ ಕಡೆ ಶನಿವಾರ ಹನುಮಪ್ಪನಿಗೆ ಎಣ್ಣೆ ಬಿಡುವ ರೂಢಿ ಮನೆಮನೆಗೂ ಇದೆ. ಸಾವಕಾರರು ಅದನ್ನು ಒಂದು ಹೆಜ್ಜೆ ಮುಂದೆ ಒಯ್ದು ಎಂಜಿನ್ನಿಗೇ ಬಿಟ್ಟಿದ್ದರು. ಆ ಎಣ್ಣೆಗೆ ಒಳಗಿಳಿಯಲು ದಾರಿಯೂ ಸಿಕ್ಕಿತ್ತು. ಈ ಗಾಡಿಯ ಟೈಮಿಂಗ್ ಕವರಿನ ಮೇಲ್ಭಾಗದಲ್ಲಿ ಒಳಗಿನ ಗುರುತು ನೋಡಲು ಒಂದು ಸಣ್ಣ ತೂತು, ಅದಕ್ಕೊಂದು ರಬ್ಬರ್ ಬಿರಡೆ ಇರುತ್ತದೆ. ಮೊದಲ ಸಲ ಕಿತ್ತೂರಿನ ಹತ್ತಿರ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಎಂಜಿನ್ನಿನ ತಲೆ ರಿಪೇರಿ ಮಾಡಿ ಬೆಲ್ಟು ಬದಲಿಸಿದಾಗ ಆ ಬಿರಡೆ ಎಲ್ಲೋ ಬಿದ್ದುಹೋಗಿತ್ತು. ತಾಲೂಕಿನ ಅರ್ಧ ಪಿಕಪ್ಪುಗಳಿಗೆ ಅದು ಇರುವುದಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಶನಿಯನ್ನು ಓಡಿಸಲು ಬಿಟ್ಟ ಎಣ್ಣೆ ಆ ತೂತಿನಿಂದ ಇಳಿದು ಸೀದಾ ಬೆಲ್ಟಿನ ಮೇಲೆ. ಮದ್ದೇ ರೋಗ ಆಗಿತ್ತು.

ಎಣ್ಣೆ ಇಳಿದ ದಾರಿಯನ್ನು ಈರಪ್ಪನಿಗೆ ತೋರಿಸಿ, “ಇದನ್ನ ಸಾವಕಾರ್ರಿಗೆ ಹೇಳೋಣು,” ಎಂದೆ.

“ಬ್ಯಾಡ್ರಿ ಸರ,” ಎಂದ ಈರಪ್ಪ. “ಅವರು ಭಕ್ತಿಯಿಂದ ಮಾಡತಾರ. ನಿಮ್ಮ ಪೂಜಿಯಿಂದ ಗಾಡಿ ಕೆಟ್ಟೈತಿ ಅಂತ ನಾ ಹ್ಯಾಂಗ ಹೇಳ್ಲಿ? ನನ್ನ ಕೆಲಸ ಹೋದ್ರ ಹೋಗಲಿ.”

ಆ ಮಾತು ಕೇಳಿ ನನ್ನ ಹಟ ಇಮ್ಮಡಿಯಾಯಿತು. ಇಂಥವನನ್ನು ಮನೆಗೆ ಕಳಿಸಲು ನಾನು ಬಿಡುವವನಲ್ಲ. ಆದರೆ ಅವನು ಹೇಳಿದ್ದರಲ್ಲಿ ಅರ್ಥವೂ ಇತ್ತು. ಭಕ್ತಿಯಿಂದ ಮಾಡಿದ ಕೆಲಸದ ಮೇಲೆ ಬೆರಳು ಇಟ್ಟು ತೋರಿಸಿದರೆ ಮನುಷ್ಯ ಕೇಳಿಸಿಕೊಳ್ಳುವುದಿಲ್ಲ, ಜಗಳಕ್ಕೆ ನಿಲ್ಲುತ್ತಾನೆ. ಅವರೇ ಕಣ್ಣಾರೆ ನೋಡಬೇಕು. ಸಾವಕಾರರಿಗೆ ಫೋನ್ ಮಾಡಿದೆ: “ಗಾಡಿ ನಮ್ಮ ಕಡೆ ಐತಿ ಅಂತ ಶನಿವಾರದ ಪೂಜಿ ತಪ್ಪಸಬ್ಯಾಡ್ರಿ. ಇಲ್ಲೇ ಬಂದು ಮಾಡ್ರಿ, ನಾನೂ ಇರತೇನಿ.” ಅವರಿಗೆ ಬಹಳ ಸಂತೋಷವಾಯಿತು. “ಜೋಶಿಯವರ ಅಲ್ರಿ ನೀವು, ನಿಮಗ ತಿಳಿತೈತಿ,” ಎಂದರು.

ಶನಿವಾರ ಬೆಳಿಗ್ಗೆ ಅವರು ಬರುವ ಮೊದಲು ಕವರಿನ ಒಳಭಾಗವನ್ನು ಒರೆಸಿ, ಹೊಸ ಬೆಲ್ಟು ಕೂರಿಸಿ, ಅದರ ಮೇಲೆ ಬಿಳಿ ಕಾಗದ ಸುತ್ತಿ, ಕವರ್ ಮುಚ್ಚಿದೆ. ಬಿರಡೆಯನ್ನು ಬೇಕೆಂದೇ ಹಾಕಲಿಲ್ಲ. ಸಾವಕಾರರು ಮಡಿ ಧೋತರ ಉಟ್ಟು, ಪೂಜೆಯ ತಾಟು ಹಿಡಿದು ಬಂದರು. ವರ್ಕ್‌ಶಾಪಿನಲ್ಲಿದ್ದ ನಾಲ್ಕೈದು ಡ್ರೈವರುಗಳೂ ಸುತ್ತ ಸೇರಿದರು. ಈರಪ್ಪ ದೂರ ನಿಂತಿದ್ದ. ಸಾವಕಾರರು ಕುಂಕುಮ ಹಚ್ಚಿದರು, ಹೂವು ಏರಿಸಿದರು, ಕಣ್ಣು ಮುಚ್ಚಿ ಬಟ್ಟಲಿನ ಎಣ್ಣೆಯನ್ನು ಎಂಜಿನ್ನಿನ ನೆತ್ತಿಯ ಮೇಲೆ ನಿಧಾನವಾಗಿ ಬಿಟ್ಟರು.

“ಸಾವಕಾರ್ರ, ಎಣ್ಣಿ ಎಲ್ಲಿಗೆ ಮುಟ್ಟತು, ನೋಡೋಣೇನ್ರಿ?” ಎಂದು ದಸ್ತಗೀರನಿಂದ ಕವರ್ ಬಿಚ್ಚಿಸಿದೆ.

ಬಿಳಿ ಕಾಗದ ಎಣ್ಣೆಯಲ್ಲಿ ತೋಯ್ದು ಬೆಲ್ಟಿಗೆ ಅಂಟಿಕೊಂಡಿತ್ತು. ನಡುವೆ ಕುಂಕುಮದ ಕೆಂಪು ಗೆರೆ ಇಳಿದಿತ್ತು. ಪಕ್ಕದಲ್ಲಿ ಹಲ್ಲುದುರಿದ ಹಳೆಯ ಬೆಲ್ಟನ್ನು ಇಟ್ಟೆ. ಅದನ್ನು ಮೂಸಿ ನೋಡಿ ಎಂದೆ. ಸಾವಕಾರರು ಮೂಸಿದರು, ಬೆರಳಿನಿಂದ ಕೆಂಪು ಪುಡಿಯನ್ನು ತಿಕ್ಕಿ ನೋಡಿದರು. ರಬ್ಬರಿಗೆ ಎಣ್ಣೆ ಸೋಕಿದರೆ ಏನಾಗುತ್ತದೆ ಎಂದು ನಾನು ಎರಡೇ ಮಾತಿನಲ್ಲಿ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ. ಅವರು ವ್ಯಾಪಾರಸ್ಥರು, ಕಂಡದ್ದನ್ನು ಇಲ್ಲ ಎನ್ನುವವರಲ್ಲ.

ಹಳೆಯ ಬೆಲ್ಟನ್ನು ಕೆಳಗಿಟ್ಟು ಕೇಳಿದರು: “ಹಂಗಾರ ಶನಿ ಕಾಟಕ್ಕ ಏನು ಮಾಡೂದ್ರಿ?”

“ಎಣ್ಣಿ ಹನುಮಪ್ಪನ ಗುಡಿಯಾಗ ಬಿಡ್ರಿ. ಗಾಡಿಗೆ ಹೂವು ಸಾಕು. ಇದನ್ನ ಮ್ಯಾನೇಜರ್ ಅಂತ ಹೇಳವಲ್ಲೆ, ಜೋಶ್ಯಾರ ಮಗಾ ಅಂತ ಹೇಳಾಕತ್ತೇನಿ.”

ಸುತ್ತ ನಿಂತವರು ನಕ್ಕರು, ಸಾವಕಾರರೂ ನಕ್ಕರು. ಆಮೇಲೆ ಕಿಸೆಯಿಂದ ಕೀಲಿ ತೆಗೆದು, ಎಲ್ಲರ ಮುಂದೆ ಈರಪ್ಪನ ಹತ್ತಿರ ನಡೆದುಹೋಗಿ ಅವನ ಅಂಗೈ ಮೇಲೆ ಇಟ್ಟರು. “ನಿನ್ನ ಮ್ಯಾಲ ಸುಮ್ಮ ಸುಮ್ಮನ ತಪ್ಪು ಹಾಕಿದ್ನೆಪಾ. ಗಾಡಿ ತಯಾರಾದ ಕೂಡ್ಲೆ ರಾಮದುರ್ಗದ ಮಾಲು ನೀನ ಒಯ್ಯಬೇಕು,” ಎಂದರು. ಈರಪ್ಪ ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡ. ನನಗಂತೂ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು. ಎಷ್ಟೋ ಎಂಜಿನ್ನುಗಳನ್ನು ಎಬ್ಬಿಸಿ ಕೂರಿಸಿದ್ದೇನೆ. ಒಬ್ಬ ಮನುಷ್ಯನ ಹೆಸರನ್ನು ಎಬ್ಬಿಸಿ ನಿಲ್ಲಿಸಿದ ಸುಖ ಅವತ್ತಿನದು.

ಒಂದು ವಾರದಲ್ಲಿ ಎಂಜಿನ್ನಿನ ತಲೆ ರಿಪೇರಿಯಾಗಿ, ಮತ್ತೊಂದು ಹೊಸ ಬೆಲ್ಟು ಬಿದ್ದು, ಹೊಸ ಬಿರಡೆಯೂ ಕೂತು ಗಾಡಿ ರಸ್ತೆಗಿಳಿಯಿತು. 2025ರಲ್ಲಿ ಈರಪ್ಪ ಅದೇ ಗಾಡಿಯನ್ನು ತಾನಾಗಿಯೇ ಒಳಗೆ ತಂದು ನಿಲ್ಲಿಸಿದ. ಬೆಲ್ಟು ತೊಂಬತ್ತು ಸಾವಿರ ಕಿಲೋಮೀಟರ್ ಓಡಿತ್ತು. ನಮ್ಮ ಕಡೆಯ ಧೂಳಿಗೆ ಒಂದು ಲಕ್ಷದವರೆಗೆ ಕಾಯಬೇಡ, ತೊಂಬತ್ತಕ್ಕೇ ಬದಲಿಸು ಎಂದು ನಾನು ಹೇಳಿದ್ದನ್ನು ಮರೆತಿರಲಿಲ್ಲ. ಬಿಚ್ಚಿದ ಬೆಲ್ಟನ್ನು ಅವನ ಕೈಗೇ ಕೊಟ್ಟೆ. ಒಂದು ಹಲ್ಲೂ ಅಲುಗಿರಲಿಲ್ಲ. ಅದನ್ನು ಹಿಗ್ಗಿನಿಂದ ಎಳೆದು, ಬಗ್ಗಿಸಿ, ಅಲ್ಲಿದ್ದ ಉಳಿದ ಡ್ರೈವರುಗಳಿಗೆಲ್ಲ ತೋರಿಸಿದ.

ಪುಸ್ತಕದಲ್ಲಿ ಬರೆದ ಆಯುಷ್ಯ ಬೆಲ್ಟಿನದು ಮಾತ್ರ. ಅದು ಎಂಥವರ ಕೈಯಲ್ಲಿ ಬಾಳುತ್ತದೆ ಎಂಬುದು ಅಲ್ಲಿ ಇರುವುದಿಲ್ಲ. ಯಂತ್ರ ಕೆಟ್ಟಾಗ ನಾವೆಲ್ಲ ಅದಕ್ಕೆ ಕೇಡು ಮಾಡಿದವರನ್ನು ಹುಡುಕುತ್ತೇವೆ. ಒಳ್ಳೆಯದಾಗಲಿ ಎಂದು ಮಾಡಿದ ಕೆಲಸದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಈಗಲೂ ಮಾಲೀಕರು ಗಾಡಿ ಎಳೆದು ತಂದು ‘ಎಲ್ಲಾ ಡ್ರೈವರಂದ ತಪ್ಪು’ ಎಂದು ಶುರುಮಾಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: “ಗಾಡಿಗೆ ನೀವು ಪ್ರೀತಿಯಿಂದ ಏನೇನು ಮಾಡತೀರಿ, ಅದನ್ನ ಹೇಳ್ರಿ.” ಮಾಲೀಕರು ಯೋಚನೆಗೆ ಬೀಳುತ್ತಾರೆ. ಹಿಂದೆ ತಲೆ ತಗ್ಗಿಸಿ ನಿಂತ ಡ್ರೈವರ್ ಮೆಲ್ಲಗೆ ಕತ್ತೆತ್ತಿ ನನ್ನ ಮುಖ ನೋಡುತ್ತಾನೆ.